ವಿಶ್ವಬ್ಯಾಂಕಿನ ರೊಕ್ಕ, ಖಾನಾಪುರದ ಮಳಿ

ಹೊರದೇಶದ ರೊಕ್ಕದಾಗ ನಮ್ಮೂರ ಸಾಲಿ ಕಟ್ಟೂದು ಹೊಸಾ ಮಾತಲ್ಲರಿ. 1990ರ ದಶಕದಾಗ ಡಿಪಿಇಪಿ, ಅಂದ್ರ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂತು. ಕರ್ನಾಟಕದಾಗ ಮೊದಲ ಹಂತಕ್ಕ ನಾಕೇ ಜಿಲ್ಲಾ: ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು.

ಇದಕ್ಕ ವಿಶ್ವಬ್ಯಾಂಕ್ ಕೊಟ್ಟಿದ್ದು ದಾನ ಅಲ್ಲ, ಸಾಲ. ಸಾಲ ತಗೊಂಡಿದ್ದು ಕೇಂದ್ರ ಸರ್ಕಾರ. ಖರ್ಚಿನ ಶೇ. 85 ಕೇಂದ್ರದ್ದು, ಶೇ. 15 ರಾಜ್ಯದ್ದು.

ಒಂದು ಜಿಲ್ಲಾಕ್ಕ ಮಿತಿ ಸುಮಾರು 40 ಕೋಟಿ ರೂಪಾಯಿ ಇತ್ತು. ಮೊದಲ ಹಂತದಾಗ ಕಟ್ಟಡಕ್ಕ ಅದರ ಶೇ. 24ರ ಮ್ಯಾಲೆ ಹೋಗೂ ಹಂಗಿರಲಿಲ್ಲ. ಲೆಕ್ಕಾ ಹಾಕ್ರಿ: 9.6 ಕೋಟಿ, ಇಡೀ ಜಿಲ್ಲಾಕ್ಕ! ಉಳಿದದ್ದು ಮಾಸ್ತರ ತರಬೇತಿ, ಪುಸ್ತಕ, ಇತ್ಯಾದಿ. ಜಿಗುಟುತನ ಅನಸ್ತೈತಿ, ಆದ್ರ ನನಗ ಈ ನಿಯಮ ಸರಿ ಕಾಣ್ತದ. ರಿಬ್ಬನ್ ಕತ್ತರಿಸೋರಿಗೆ ಗ್ವಾಡಿ ಮ್ಯಾಲೆ ಭಾಳ ಪ್ರೀತಿ.

ರೊಕ್ಕ ಇದ್ರೂ ಕಟ್ಟೂದು ಎಲ್ಲಾ ಕಡೆ ಸರಳ ಅಲ್ಲ. ಬೆಳಗಾವಿ ಜಿಲ್ಲಾದ ಖಾನಾಪುರ ತಾಲೂಕಿಗೆ ಬರ್ರಿ. ಕಣಕುಂಬಿ, ಜಾಂಬೋಟಿ ಕಡೆ ಜೂನ್‌ದಾಗ ಹಿಡದ ಮಳಿ ಸೆಪ್ಟೆಂಬರ್‌ತನಕ ಬಿಡೂದಿಲ್ಲ. ಗಾಳಿ ಜೋಡಿ ಇರಚಲು ಹೊಡದು ಪಡಸಾಲಿಯೆಲ್ಲಾ ನೀರು. ಪಾಯಾ ತಗಿಯೂದು ದೀಪಾವಳಿ ಆದಮ್ಯಾಲೆನ. ಭೀಮಗಡ ಅಭಯಾರಣ್ಯದ ಒಳಗಿನ ಊರಿದ್ರ, ರಸ್ತಾ ಮಾಡಾಕೂ ಅರಣ್ಯ ಇಲಾಖೆ ಒಪ್ಪಿಗಿ ಬೇಕು. ಮ್ಯಾಲೆ ಕನ್ನಡ ಸಾಲಿ, ಮರಾಠಿ ಸಾಲಿ ಬ್ಯಾರೆ ಬ್ಯಾರೆ.

ಈಗ ಪಾಳಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿಂದು. ಅದರ ನೆರವಿನಿಂದ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆ ಅಂತ 2025-26ರ ಬಜೆಟ್‌ನ್ಯಾಗ ಸರ್ಕಾರ ಹೇಳೈತಿ. ಎಲ್‌ಕೆಜಿಯಿಂದ ಪಿಯುಸಿತನಕ ಒಂದ ಕಡೆ. ಬೆಳಗಾವಿ ಸಿಟ್ಯಾಗಿನ ಹುಡುಗ ಸಿಟಿ ಬಸ್ ಹತ್ತಿ ಬರ್ತಾನ. ಭೀಮಗಡದ ಹುಡುಗಿ ಹೆಂಗ ಬರಬೇಕು? ಕಟ್ಟಡದ ಎಸ್ಟಿಮೇಟ್‌ನ್ಯಾಗ ಸಾಲಿ ಗಾಡಿ ಡೀಸೆಲ್‌ಗೂ ರೊಕ್ಕ ಬರೀರಿ.