ಬೋರ್ಡಿಲ್ಲದ ಹೋಟೆಲಿನ ಒಗ್ಗರಣೆ–ಮಿರ್ಚಿ

ಬೆಳಿಗ್ಗೆ ಏಳರ ಹೊತ್ತಿಗೆ ವಿಜಯನಗರ ಜಿಲ್ಲೆಯ ಕೊಟ್ಟೂರಿನ ಯಾವ ಓಣಿಗೆ ಕಾಲಿಟ್ಟರೂ, ಹಿಟ್ಟು ಮೆತ್ತಿಕೊಂಡ ಮೆಣಸಿನಕಾಯಿ ಕಾದೆಣ್ಣೆಗೆ ಬಿದ್ದ ಸದ್ದು ಕೇಳುತ್ತದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಲ್ಲೂ ಅಷ್ಟೇ. ತಗಡಿನ ಮಾಡು, ಎರಡು ಬೆಂಚು, ಒಂದು ಬಾಣಲೆ. ಎಷ್ಟೋ ಕಡೆ ಬೋರ್ಡೂ ಇರುವುದಿಲ್ಲ. ಈ ಸೀಮೆಯವರ ಅಚ್ಚುಮೆಚ್ಚಿನ ಹೋಟೆಲು ಇದೇ.

ಇಲ್ಲಿ ಒಗ್ಗರಣೆಯೆಂದರೆ ಮಂಡಕ್ಕಿಯ ತಿಂಡಿ. ಅದರ ಸಾಮಾನು ಸರಳ, ಹದ ಮಾತ್ರ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಮಂಡಕ್ಕಿಯನ್ನು ನೀರಿಗೆ ಹಾಕಿ ಕೂಡಲೇ ಹಿಂಡಿ ತೆಗೆಯಬೇಕು. ತುಸು ತಡವಾದರೆ ಮುದ್ದೆ, ಅವಸರವಾದರೆ ಗಂಟಲಿಗೆ ಒಣಒಣ. ಸಾಸಿವೆ, ಕರಿಬೇವು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣ ಬಾಡಿದ ಮೇಲೆ ಮಂಡಕ್ಕಿ ಸುರಿದು, ಪುಟಾಣಿ ಹಿಟ್ಟು ಉದುರಿಸಿ, ನಿಂಬೆಹಣ್ಣು ಹಿಂಡುತ್ತಾರೆ. ಆ ಪುಟಾಣಿ ಹಿಟ್ಟೇ ಇದರ ಜೀವ. ಪಕ್ಕದಲ್ಲಿ ಕಡಲೆಹಿಟ್ಟು, ಓಂಕಾಳಿನ ಹೊದಿಕೆಯ ಬಿಸಿ ಮಿರ್ಚಿ ಇರಲೇಬೇಕು. ಮೆತ್ತನೆಯ ತುತ್ತಿನ ನಡುವೆ ಗರಿಗರಿ ಖಾರ ಸಿಕ್ಕಾಗಲೇ ತಟ್ಟೆ ಪೂರ್ತಿಯಾಗುವುದು. ಗಡಿ ದಾಟಿದರೆ ರಾಯಲಸೀಮೆಯಲ್ಲೂ ಉಗ್ಗಾನಿ–ಬಜ್ಜಿಯೆಂದು ಇದೇ ಜೋಡಿ ಬೆಳಗಿನ ತಿಂಡಿ.

ಇಲ್ಲೇ ಇದು ಇಷ್ಟು ಬೇರೂರಿದ್ದಕ್ಕೆ ಕಾರಣ ಸುತ್ತಲ ನೆಲದಲ್ಲಿದೆ. ಕೂಡ್ಲಿಗಿ, ಕೊಟ್ಟೂರಿನ ಕೆಂಪು ಮಸಾರಿ ಮಳೆ ನಂಬಿ ಬಾಣಲೆಯ ಎಣ್ಣೆಗೆ ಬೇಕಾದ ಶೇಂಗಾ ಬೆಳೆಯುವ ಭೂಮಿ. ತುಂಗಭದ್ರೆಯ ನೀರು ಹರಿಯುವಲ್ಲಿ ಮಂಡಕ್ಕಿಗೆ ಬೇಕಾದ ಭತ್ತ. ಮಂಡಕ್ಕಿ ಭಟ್ಟಿಗಳಿಗೆ ಹೆಸರಾದ ದಾವಣಗೆರೆಯೂ ದೂರವಿಲ್ಲ. ಹೊಲಕ್ಕೆ, ಕೂಲಿಗೆ ಹೊರಟವರಿಗೆ ಬೇಗ ತಯಾರಾಗುವ, ಅಗ್ಗದ, ಹೊಟ್ಟೆ ಹಿಡಿಯುವ ತಿಂಡಿ ಬೇಕಿತ್ತು.

ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದಿದವರು, ಸಂತೆಗೆ ಅಪ್ಪನ ಜೊತೆ ಬಂದವರು ಇವತ್ತಿಗೂ ಮೊದಲು ನೆನೆಯುವುದು ಈ ಬೆಂಚುಗಳನ್ನೇ. ಸಂತೆಯ ದಿನ ತಟ್ಟೆಗೆ ಇನ್ನೊಂದು ಮಿರ್ಚಿ ಬಿದ್ದರೆ ಅದೇ ಹಬ್ಬ. ಕೊಟ್ಟೂರೇಶ್ವರನ ರಥೋತ್ಸವಕ್ಕೆ ದಾವಣಗೆರೆ ಕಡೆಯಿಂದ ಪಾದಯಾತ್ರೆಯಲ್ಲಿ ಬಂದವರಿಗೂ, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕದ ಭವಿಷ್ಯನುಡಿ ಕೇಳಲು ಹೊರಟವರಿಗೂ ದಾರಿಯ ಆಸರೆ ಇಂಥ ಅಂಗಡಿಗಳೇ.

ಹರಪನಹಳ್ಳಿಯ ಸಂಗತಿಯನ್ನು ಬೇರೆಯಾಗಿ ಹೇಳಬೇಕು. 1997ರಲ್ಲಿ ಅದು ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ಮೇಲೆ ಹೇಳಿದ ಉಳಿದ ನಾಲ್ಕು ಊರುಗಳ ಜೊತೆ ಹೊಸ ವಿಜಯನಗರ ಜಿಲ್ಲೆಗೆ ಬಂತು. ಕಚೇರಿ ಕೆಲಸಕ್ಕೆ ಹೋಗುವ ಊರು ಬದಲಾದರೂ, ಬಸ್ಸು ಹತ್ತುವ ಮುಂಚೆ ಜನ ತಿನ್ನುವುದು ಬದಲಾಗಲಿಲ್ಲ.

ಈಗ ಎಷ್ಟೋ ಕಡೆ ಕಟ್ಟಿಗೆ ಒಲೆ ಹೋಗಿ ಗ್ಯಾಸು ಬಂದಿದೆ. ಊರಿಗೆ ಬಂದ ಬೆಂಗಳೂರಿನ ನೌಕರರು ಪಾರ್ಸೆಲ್ ಕಟ್ಟಿಸುತ್ತಾರೆ. ಆದರೆ ಮಿರ್ಚಿ ಆರಿದರೆ ಮೆತ್ತಗಾಗುತ್ತದೆ. ಬಾಣಲೆಯ ಪಕ್ಕದಲ್ಲೇ ನಿಂತು ತಿನ್ನಬೇಕು, ಅದೂ ಒಗ್ಗರಣೆ ಖಾಲಿಯಾಗುವ ಮುಂಚೆ.