ತಂಗಿ ಇಟಲಿಯಲ್ಲಿ ಓದುತ್ತಿದ್ದಾಳೆ, ಅಪ್ಪ-ಅಮ್ಮ ನೋಡಬೇಕು ಅಂತಿದ್ದಾರೆ

ವಿದೇಶದಲ್ಲಿ ಓದು ಎಂದರೆ ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯಾ ಎನ್ನುತ್ತಿದ್ದ ಕಾಲ ಒಂದಿತ್ತು. ಈಗ ನಮ್ಮ ಮನೆಯ ಮಕ್ಕಳು ಬೊಲೋನ್ಯಾ, ಪಾದೊವಾ, ತೊರಿನೊ, ಮಿಲಾನೊ ಎಂಬ ಹೆಸರುಗಳನ್ನು ಹುಬ್ಬಳ್ಳಿ-ಧಾರವಾಡದಷ್ಟೇ ಸಲೀಸಾಗಿ ಹೇಳುತ್ತಾರೆ. ಕಾರಣ ಸರಳ. ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವನ್ನು ಸಾಮಾನ್ಯವಾಗಿ ಕುಟುಂಬದ ಆದಾಯ ನೋಡಿ ನಿಗದಿ ಮಾಡುತ್ತಾರೆ. ಆದಾಯ ಕಡಿಮೆಯಿದ್ದರೆ ಅಲ್ಲಿನ ಪ್ರಾಂತ ಸರ್ಕಾರಗಳು ಕೊಡುವ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು, ಹೊರದೇಶದವರೂ ಹಾಕಬಹುದು. ಹೀಗಾಗಿ ಮನೆ ಅಡವಿಡದೆ ಮಗಳನ್ನು ಕಳಿಸಿದ ಅಪ್ಪ-ಅಮ್ಮ ನಮ್ಮಲ್ಲಿದ್ದಾರೆ. ಕಳಿಸಿದ್ದಾಯಿತು. ಆಮೇಲೆ ಆರು ತಿಂಗಳಿಗೆ ಅಮ್ಮನ ಮಾತು ಶುರುವಾಗುತ್ತದೆ: "ಒಂದ್ಸಲ ಹೋಗಿ ಹೇಗಿದ್ದಾಳೋ ನೋಡ್ಕೊಂಡು ಬರೋಣ."

ಅಂಥ ಮನೆಯಲ್ಲಿ ಟಿಕೆಟ್, ವೀಸಾ ಎಂದೆಲ್ಲ ಓಡಾಡುವವರು ನೀವೇ, ಅಂದರೆ ಅಣ್ಣನೋ ಅಕ್ಕನೋ. ನಿಮಗಾಗಿಯೇ ಈ ಬರಹ. ಪಿಸಾ ಗೋಪುರಕ್ಕೆ ಕೈ ಕೊಟ್ಟು ನಿಂತ ಫೋಟೋ ತೆಗೆಸಿಕೊಳ್ಳುವುದು ಹೇಗೆಂದು ಯಾರಾದರೂ ಹೇಳಿಕೊಡುತ್ತಾರೆ. ಓದುವ ಹುಡುಗಿಯ ಮನೆಗೆ ಹೋಗುವುದು ಟೂರ್ ಪ್ಯಾಕೇಜಿನಂತಲ್ಲ, ಅದರ ಲೆಕ್ಕವೇ ಬೇರೆ.

ಮೊದಲು, ಯಾವಾಗ ಹೋಗಬೇಕು? ವಿಮಾನದ ಟಿಕೆಟ್ ಅಗ್ಗವಾದಾಗ ಅಲ್ಲ, ತಂಗಿಗೆ ಪರೀಕ್ಷೆ ಇಲ್ಲದಾಗ. ಇಟಲಿಯಲ್ಲಿ ಪರೀಕ್ಷೆಗಳು ಸಾಮಾನ್ಯವಾಗಿ ಜನವರಿ-ಫೆಬ್ರವರಿ, ಜೂನ್-ಜುಲೈ ಮತ್ತು ಸೆಪ್ಟೆಂಬರಿನಲ್ಲಿ. ಬಹಳಷ್ಟು ಪರೀಕ್ಷೆಗಳು ಬಾಯಿಮಾತಿನವು. ಪ್ರೊಫೆಸರ್ ಎದುರು ಕೂತು ಉತ್ತರ ಹೇಳಬೇಕು, ಅಂಕ 30ಕ್ಕೆ, ಪಾಸಾಗಲು 18. ಬಂದ ಅಂಕ ಇಷ್ಟವಾಗದಿದ್ದರೆ "ಬೇಡ" ಎಂದು ಬಿಟ್ಟು ಇನ್ನೊಮ್ಮೆ ಕೂರುವ ಪದ್ಧತಿಯೂ ಇದೆ. ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆ ಎಂದರೆ, ವಿದ್ಯಾರ್ಥಿವೇತನ ಪಡೆಯುತ್ತಿರುವವಳು ಗೊತ್ತಾದ ದಿನಾಂಕದೊಳಗೆ ಗೊತ್ತಾದಷ್ಟು ಕ್ರೆಡಿಟ್ ಗಳಿಸಲೇಬೇಕು. ಗಳಿಸದಿದ್ದರೆ ಹಣ ನಿಲ್ಲಬಹುದು, ಕೊಟ್ಟದ್ದನ್ನು ವಾಪಸ್ ಕೇಳಲೂಬಹುದು. ಜೂನಿನಲ್ಲಿ ನೀವು ನಾಲ್ಕು ಜನ ಹೋಗಿ ಇಳಿದರೆ ಅವಳು ಬೇಡ ಎನ್ನುವುದಿಲ್ಲ. ಹಗಲು ನಿಮ್ಮ ಜೊತೆ ಸುತ್ತಿ ರಾತ್ರಿ ಓದುತ್ತಾಳೆ. ಇದು ಅವಳ ಬಾಯಿಂದ ಬರುವ ಮಾತಲ್ಲ, ನೀವೇ ಕೇಳಬೇಕು.

ಆಗಸ್ಟಿನಲ್ಲಿ ಅವಳಿಗೆ ಬಿಡುವಿರುತ್ತದೆ, ಆದರೆ ಊರಿಗೇ ಬಿಡುವು! 15ನೇ ತಾರೀಖಿನ ಫೆರಾಗೊಸ್ತೊ ಹಬ್ಬದ ಆಸುಪಾಸು ಅಂಗಡಿ-ಹೋಟೆಲುಗಳಿಗೆ ಬೀಗ, ಮೇಲೆ ಸುಡುಬಿಸಿಲು. ನನ್ನ ಮತ ಕೇಳಿದರೆ ಏಪ್ರಿಲ್ ಅಥವಾ ಮೇ ಮೊದಲರ್ಧ. ನಮ್ಮ ಮಕ್ಕಳಿಗೂ ಶಾಲೆಗೆ ರಜೆ, ಅಲ್ಲಿ ಚಳಿ ಇಳಿದಿರುತ್ತದೆ, ತರಗತಿಗಳು ನಡೆಯುತ್ತಿರುತ್ತವೆ. ಅವಳು ಕ್ಲಾಸಿಗೆ ಹೋದಾಗ ನೀವು ಊರು ಸುತ್ತಿ, ಸಂಜೆ ಎಲ್ಲರೂ ಸೇರಬಹುದು.

ಇನ್ನು ವೀಸಾ. ನಿಮಗೆ ಬೇಕಾದದ್ದು ಷೆಂಗೆನ್ ಅಲ್ಪಾವಧಿ ವೀಸಾ. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ಬೇಸಿಗೆ ಪ್ರಯಾಣಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ಪಾಡು, ಆದ್ದರಿಂದ ಏಪ್ರಿಲಿಗೆ ಹೊರಡುವವರು ದೀಪಾವಳಿ ಮುಗಿಯುತ್ತಿದ್ದಂತೆ ಕಾಗದಪತ್ರ ಜೋಡಿಸಲು ಕೂರುವುದು ಒಳ್ಳೆಯದು. 2024ರ ಜೂನ್ 11ರಿಂದ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45, ಅದಕ್ಕೂ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾಶುಲ್ಕ ಇದರ ಮೇಲೆ. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಹಿಂದಿರುಗುವ ದಿನದ ನಂತರ 3 ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ಹೊರನಾಡ ಕನ್ನಡಿಗರಿಗೆ ಇಲ್ಲೊಂದು ತೊಡಕು. ನೀವು ಪುಣೆಯಲ್ಲಿದ್ದೀರಿ, ಅಪ್ಪ-ಅಮ್ಮ ಧಾರವಾಡದಲ್ಲಿ. ಇಟಲಿಗೆ ದೆಹಲಿಯಲ್ಲಿ ರಾಯಭಾರ ಕಚೇರಿ. ಮುಂಬೈ, ಕೋಲ್ಕತ್ತ, ಬೆಂಗಳೂರುಗಳಲ್ಲಿ ಕಾನ್ಸುಲೇಟ್‌ಗಳಿವೆ. ಅರ್ಜಿ ಹೋಗುವುದು ನೀವು ವಾಸವಿರುವ ಪ್ರದೇಶದ ಕಚೇರಿಗೆ. ಒಂದೇ ಮನೆಯವರಾದರೂ ಕಡತಗಳು ಎರಡು ಕಡೆ ಹಂಚಿಹೋಗುತ್ತವೆ. ಹಾಗಾದಾಗ ಪ್ರಯಾಣದ ಪಟ್ಟಿ, ಹೋಟೆಲ್ ಬುಕಿಂಗ್, ತಂಗಿಯ ಪತ್ರ ಇವೆಲ್ಲ ಎರಡೂ ಕಡತಗಳಲ್ಲಿ ಅಕ್ಷರಶಃ ಒಂದೇ ಇರಲಿ. ಎರಡು ಕಡೆ ಎರಡು ತಾರೀಖು ಕಂಡರೆ ಸಂಶಯ ಬರುವುದು ಸಹಜ.

ತಂಗಿಯ ಪತ್ರ ಎಂದೆನಲ್ಲ, ಅದಕ್ಕೆ ಅಲ್ಲಿ 'ಲೆತ್ತೆರಾ ದಿನ್ವಿತೊ' ಎನ್ನುತ್ತಾರೆ, ಆಹ್ವಾನ ಪತ್ರ. ಅದರ ಜೊತೆ ಅವಳ ಪಾಸ್‌ಪೋರ್ಟಿನ ಮತ್ತು 'ಪೆರ್ಮೆಸ್ಸೊ ದಿ ಸೊಜೋರ್ನೊ' ಎಂಬ ವಾಸದ ಪರವಾನಗಿಯ ಪ್ರತಿ ಬೇಕಾಗುತ್ತದೆ. ಈ ಪರವಾನಗಿಗೆ ವಿದ್ಯಾರ್ಥಿಗಳು ಇಟಲಿಗೆ ಕಾಲಿಟ್ಟ 8 ಕೆಲಸದ ದಿನಗಳೊಳಗೆ ಅಂಚೆ ಕಚೇರಿಯಲ್ಲಿ ಅರ್ಜಿ ಹಾಕಬೇಕು, ಆದರೆ ಕಾರ್ಡು ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಕಾರ್ಡು ಬಾರದಿದ್ದರೆ ಅಂಚೆ ಕಚೇರಿಯ ರಸೀದಿಯ ಪ್ರತಿಯನ್ನು ಕಳಿಸಲು ಹೇಳಿ. ಖರ್ಚಿನ ಹೊಣೆಯನ್ನು ಮಾತ್ರ ಅವಳ ಹೆಸರಿಗೆ ಹಾಕಬೇಡಿ. ವಿದ್ಯಾರ್ಥಿವೇತನದಲ್ಲಿರುವ ಹುಡುಗಿ ನಾಲ್ಕು ಜನರ ಖರ್ಚು ನೋಡಿಕೊಳ್ಳುತ್ತಾಳೆ ಎಂದರೆ ಯಾವ ಅಧಿಕಾರಿ ನಂಬಿಯಾನು? ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಕಚೇರಿಯ ರಜೆ ಪತ್ರ, ಅಪ್ಪನ ಪೆನ್ಷನ್ ದಾಖಲೆ ಕೊಡಿ. ಅರ್ಜಿಗೆ ವಾರ ಮುಂಚೆ ಯಾರಿಂದಲೋ ಲಕ್ಷಗಟ್ಟಲೆ ತಂದು ಖಾತೆಗೆ ತುಂಬುವ ಚಾಳಿ ನಮ್ಮವರಲ್ಲಿದೆ. ಅದು ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತದೆ, ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಉಳಿಯುವುದು ಎಲ್ಲಿ? "ತಂಗಿ ಇರುವಾಗ ಹೋಟೆಲ್ ಯಾಕೆ?" ಎಂದು ಅಪ್ಪ ಖಂಡಿತ ಕೇಳುತ್ತಾರೆ. ಆದರೆ ಅವಳಿರುವುದು ಮೂರು-ನಾಲ್ಕು ಹುಡುಗಿಯರು ಹಂಚಿಕೊಂಡ ಫ್ಲಾಟಿನ ಒಂದು ಕೋಣೆಯಲ್ಲಿ, ಕೆಲವೊಮ್ಮೆ ಅರ್ಧ ಕೋಣೆಯಲ್ಲಿ. ಹಾಸ್ಟೆಲಾದರೆ ರಾತ್ರಿ ಅತಿಥಿಗಳಿಗೆ ಅವರದೇ ನಿಯಮ. ಇದಲ್ಲದೆ ಕಾನೂನೂ ಇದೆ. ಯುರೋಪಿಯನ್ ಒಕ್ಕೂಟದ ಹೊರಗಿನವರನ್ನು ಮನೆಯಲ್ಲಿ ಇಳಿಸಿಕೊಂಡವರು, ಬಂಧುಗಳೇ ಆಗಿರಲಿ, 48 ಗಂಟೆಯೊಳಗೆ ಪೊಲೀಸರಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ದಂಡ, ಅದೂ ಅವಳ ತಲೆಗೆ. ಹೋಟೆಲು ಅಥವಾ ನೋಂದಾಯಿತ ಬಾಡಿಗೆ ಮನೆಯಾದರೆ ಈ ವರದಿಯನ್ನು ಅವರೇ ಮಾಡುತ್ತಾರೆ. ಅವಳ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಅಡುಗೆಮನೆ ಇರುವ ಬಾಡಿಗೆ ಫ್ಲಾಟ್ ಹಿಡಿಯಿರಿ. ಅಮ್ಮನಿಗೆ ಮಗಳಿಗೆ ಅಡುಗೆ ಮಾಡಿ ಹಾಕಿದ ತೃಪ್ತಿ, ಮಗಳಿಗೆ ತನ್ನ ಕೋಣೆಯ ನೆಮ್ಮದಿ.

ಇಳಿಯುವ ವಿಮಾನ ನಿಲ್ದಾಣವೂ ಮುಖ್ಯ. ಫ್ರಾಂಕ್‌ಫರ್ಟಿನಲ್ಲೋ ಪ್ಯಾರಿಸ್ಸಿನಲ್ಲೋ ವಿಮಾನ ಬದಲಿಸಿದರೆ ನಿಮ್ಮ ಷೆಂಗೆನ್ ಪ್ರವೇಶ ಅಲ್ಲೇ ಆಗುತ್ತದೆ, ಇಟಲಿಗೆ ಬರುವುದು ದೇಶದೊಳಗಿನ ಪ್ರಯಾಣದಂತೆ. ಆಗ ಇಟಲಿಗೆ ಬಂದ 8 ದಿನದೊಳಗೆ 'ಕ್ವೆಸ್ತೂರಾ', ಅಂದರೆ ಪೊಲೀಸ್ ಕೇಂದ್ರ ಕಚೇರಿಯಲ್ಲಿ ಹಾಜರಿ ಘೋಷಣೆ ಕೊಡಬೇಕು. ಹೋಟೆಲಿನಲ್ಲಿದ್ದರೆ ಅಲ್ಲಿನ ನೋಂದಣಿಯೇ ಸಾಕು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಕಂಪ್ಯೂಟರಿನಲ್ಲಿ ಆಗಮನ-ನಿರ್ಗಮನ ದಾಖಲಿಸುವ ಪದ್ಧತಿಯನ್ನು ಹಂತಹಂತವಾಗಿ ತಂದಿದ್ದಾರೆ. ಸಾಲಿನಲ್ಲಿ ಸ್ವಲ್ಪ ಹೊತ್ತು ಹೆಚ್ಚು ಹಿಡಿಯಬಹುದು. ಮುಂದಿನ ವಿಮಾನಕ್ಕೆ ಒಂದೇ ಗಂಟೆ ಅಂತರವಿಟ್ಟು ಟಿಕೆಟ್ ಮಾಡಿಸಿದರೆ ವಯಸ್ಸಾದವರನ್ನು ಓಡಿಸಬೇಕಾಗುತ್ತದೆ.

ಪೆಟ್ಟಿಗೆ ತುಂಬುವ ವಿಷಯಕ್ಕೆ ಬರೋಣ. ಇದು ಅಮ್ಮಂದಿರ ಖಾತೆ. ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ, ಹಾಲು ಮತ್ತು ಅವುಗಳ ಉತ್ಪನ್ನಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಅಂದರೆ ಮನೆಯಲ್ಲಿ ಕಾಸಿದ ತುಪ್ಪದ ಡಬ್ಬಿಗೆ ಪ್ರವೇಶವಿಲ್ಲ. ಹಸಿ ಕರಿಬೇವು, ಮಾವಿನಹಣ್ಣು, ವೀಳ್ಯದೆಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅದನ್ನು ಯಾರು ತರುತ್ತಾರೆ? ತಮಾಷೆಯೆಂದರೆ ಬಾಳೆಹಣ್ಣು, ಅನಾನಸ್, ಖರ್ಜೂರ, ತೆಂಗಿನಕಾಯಿಗಳಿಗೆ ಈ ಪ್ರಮಾಣಪತ್ರದಿಂದ ವಿನಾಯಿತಿ ಇದೆ! ಹಾಗೆಂದು ತೆಂಗಿನಕಾಯಿ ಹೊತ್ತುಕೊಂಡು ಹೋಗಿ ಎನ್ನುತ್ತಿಲ್ಲ. ಹುಳಿಪುಡಿ, ಸಾರಿನಪುಡಿ, ಶೇಂಗಾ ಚಟ್ನಿಪುಡಿ, ಹುಣಸೆಹಣ್ಣು ಸಾಕು. ಅಕ್ಕಿ-ಬೇಳೆ ಅಲ್ಲಿನ ಊರುಗಳಲ್ಲಿ ಬಾಂಗ್ಲಾದೇಶಿ, ಪಾಕಿಸ್ತಾನಿ ಅಂಗಡಿಗಳಲ್ಲಿ ಸಿಗುತ್ತವೆ. ಏನು ಬೇಕೆಂದು ತಂಗಿಯನ್ನೇ ಕೇಳಿ, ಬಹುಶಃ ಅವಳು ಹೇಳುವುದು ಪುಟ್ಟ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್.

ಹೊರಗೆ ಉಣ್ಣುವಾಗ ಶುದ್ಧ ಸಸ್ಯಾಹಾರಿಗಳು ಗಮನಿಸಬೇಕಾದ ಕೆಲವು ಸೂಕ್ಷ್ಮಗಳಿವೆ. ಪಾಸ್ತಾದ ಮೇಲೆ ಉದುರಿಸುವ ಪರ್ಮಿಜಾನೊ ರೆಜ್ಜಾನೊ ಚೀಸನ್ನು ಹಾಲಿಗೆ ಕರುವಿನ ಹೊಟ್ಟೆಯ ರೆನೆಟ್ ಹಾಕಿಯೇ ಮಾಡಬೇಕೆಂದು ಅದರ ನಿಯಮ. ರಿಸೊತ್ತೊ, ತರಕಾರಿ ಸೂಪುಗಳಿಗೆ ಮಾಂಸದ ಸಾರು ಬಳಸುವುದುಂಟು. ನಮ್ಮ ಚಪಾತಿಯನ್ನು ನೆನಪಿಸುವ ಪಿಯಾದೀನಾ ರೊಟ್ಟಿಗೆ ಸಾಂಪ್ರದಾಯಿಕವಾಗಿ ಹಂದಿ ಕೊಬ್ಬು ಹಾಕುತ್ತಾರೆ, ಆಲಿವ್ ಎಣ್ಣೆಯದು ಕೇಳಿದರೆ ಸಿಗುತ್ತದೆ. ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಪಿಜ್ಜಾ ಮರಿನಾರಾ. ಹೆಸರಿನಲ್ಲಿ ಸಮುದ್ರವಿದ್ದರೂ ಮೀನಿಲ್ಲ, ಚೀಸೂ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೆ. "ಸೆಂಜಾ ಕಾರ್ನೆ, ಸೆಂಜಾ ಪೆಶೆ" ಎಂದರೆ ಮಾಂಸ ಬೇಡ, ಮೀನು ಬೇಡ. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗಿಷ್ಟು ಸೇರಿಸಿರುತ್ತಾರೆ, ಅದು ಮೋಸವಲ್ಲ, ಮೇಜಿನ ಶುಲ್ಕ. ಕಾಫಿಯನ್ನು ನಿಂತು ಕುಡಿದರೆ ಒಂದು ದರ, ಕೂತರೆ ಇನ್ನೊಂದು. ಬೆಂಗಳೂರಿನ ದರ್ಶಿನಿ ಕಂಡವರಿಗೆ ನಿಲ್ಲುವುದೇನು ಕಷ್ಟ? ಮುಖ್ಯವಾದ ಮಾತು: ಮಧ್ಯಾಹ್ನ ಎರಡೂವರೆ-ಮೂರರ ನಂತರ ಬಹಳಷ್ಟು ಹೋಟೆಲುಗಳ ಒಲೆ ಆರುತ್ತದೆ, ಮತ್ತೆ ಹೊತ್ತುವುದು ಸಂಜೆ ಏಳರ ಮೇಲೆ. ಸಕ್ಕರೆ ಕಾಯಿಲೆಯ ಅಪ್ಪನಿದ್ದರೆ ಚೀಲದಲ್ಲಿ ತಿಂಡಿ ಇರಲೇಬೇಕು. ಮಾತ್ರೆಗಳ ಜೊತೆ ಡಾಕ್ಟರ ಚೀಟಿಯೂ ಇರಲಿ. ತುರ್ತು ಕರೆಗೆ ಸಂಖ್ಯೆ 112.

ಸುತ್ತಾಟದ ಬಗ್ಗೆ ನನ್ನದು ಹಠದ ಅಭಿಪ್ರಾಯ. ಹತ್ತು ದಿನಕ್ಕೆ ಆರು ಊರು ಬೇಡ. ತಂಗಿಯ ಊರನ್ನೇ ಠಿಕಾಣಿ ಮಾಡಿಕೊಂಡು ಅಲ್ಲಿಂದ ಹೋಗಿಬನ್ನಿ. ಅವಳು ಬೊಲೋನ್ಯಾದಲ್ಲಿದ್ದಾಳೆ ಎಂದುಕೊಳ್ಳಿ. ವೇಗದ ರೈಲಿನಲ್ಲಿ ಫ್ಲಾರೆನ್ಸ್ ಸುಮಾರು 40 ನಿಮಿಷ, ಮಿಲಾನೊ ಒಂದು ಗಂಟೆಗೆ ಚೂರು ಮೇಲೆ, ವೆನಿಸ್ ಒಂದೂವರೆ ಗಂಟೆ, ರೋಮ್ ಎರಡು ಗಂಟೆಗೆ ತುಸು ಹೆಚ್ಚು. ವೇಗದ ರೈಲುಗಳಿಗೆ ಮೊದಲೇ ಬುಕ್ ಮಾಡಿದಷ್ಟೂ ಅಗ್ಗ. 'ರೆಜೊನಾಲೆ' ಎಂಬ ಪ್ಯಾಸೆಂಜರ್ ರೈಲಿಗೆ ದರ ಏರುವುದಿಲ್ಲ, ಆದರೆ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ದುಡ್ಡು ಕೊಟ್ಟು ಕೊಂಡ ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟಿದ ಭಾರತೀಯರಿಗೆ ಲೆಕ್ಕವಿಲ್ಲ.

ರೋಮಿಗೆ ಹೋದರೆ ಕೊಲೊಸಿಯಮ್ ಟಿಕೆಟ್ ಮುಂಗಡವಾಗಿ, ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ತೆಗೆಯಿರಿ. ವ್ಯಾಟಿಕನ್ನಿನಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು. ಸೀರೆ ಉಟ್ಟ ಅಮ್ಮನಿಗೆ ಸೆರಗಿದೆ, ಬರ್ಮುಡಾ ತೊಟ್ಟ ಮಗನದೇ ತೊಂದರೆ. ಸಮಯ ಸಿಕ್ಕರೆ ಅಲ್ಲಿನ ಸಾಂತಾ ಮರಿಯಾ ಇನ್ ಅರಾಚೆಲಿ ಚರ್ಚಿನ ಎತ್ತರದ ಮೆಟ್ಟಿಲು ಹತ್ತಿ. 1623ರಲ್ಲಿ ನಮ್ಮ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಕಾಲದಲ್ಲಿ ಬಂದು ಕಂಡದ್ದನ್ನೆಲ್ಲ ಬರೆದಿಟ್ಟ ಪಿಯೆತ್ರೊ ದೆಲ್ಲಾ ವಾಲ್ಲೆ ಮಲಗಿರುವುದು ಅಲ್ಲೇ. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಇಕ್ಕೇರಿಯ ದಾರಿಯಾಗಿ ವರ್ಷಗಟ್ಟಲೆ ಸುತ್ತಿ, ಕೊನೆಗೆ ಅವಳನ್ನು ಅಲ್ಲಿ ಮಣ್ಣು ಮಾಡಿದ ಪುಣ್ಯಾತ್ಮ. ಮಲೆನಾಡಿನವರು ಅಲ್ಲಿ ಒಂದು ನಿಮಿಷ ನಿಂತರೆ ತಪ್ಪೇನಿಲ್ಲ.

ಆದರೆ ಅಪ್ಪ-ಅಮ್ಮನಿಗೆ ಮುಖ್ಯವಾಗಿ ಕಾಣಬೇಕಾದದ್ದು ಬೇರೆ. ಅವಳು ದಿನಾ ನಡೆಯುವ ದಾರಿ, ತರಕಾರಿ ಕೊಳ್ಳುವ ಮಾರುಕಟ್ಟೆ, ಓದಲು ಕೂರುವ ಲೈಬ್ರರಿ. 1088ರಲ್ಲಿ ಶುರುವಾಯಿತೆಂದು ಹೇಳುವ ಬೊಲೋನ್ಯಾ ವಿಶ್ವವಿದ್ಯಾಲಯಕ್ಕೆ ಒಂದೇ ಆವರಣವಿಲ್ಲ, ಊರಿನ ಬೀದಿಗಳ ತುಂಬ ಹರಡಿಕೊಂಡಿದೆ. ಬೀದಿಗಳ ಪಕ್ಕ ಕಮಾನಿನ ಜಗಲಿಗಳು, 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಮಳೆ ಬಂದರೂ ಕೊಡೆ ಬಿಚ್ಚದೆ ತಿರುಗಬಹುದು. ಒಂದು ಪೂರ್ತಿ ದಿನ ಅವಳಿಗೆ ಬಿಟ್ಟುಕೊಡಿ, ಅವಳು ಕರೆದಲ್ಲಿ ಹೋಗಿ. ಮನೆಯಲ್ಲಿ ಮಾತಿಗೆ ಮುಂಚೆ ಅಣ್ಣನ ಮುಖ ನೋಡುತ್ತಿದ್ದವಳು ಅಲ್ಲಿ ಅಂಗಡಿಯವನ ಜೊತೆ ಇಟಾಲಿಯನ್ನಿನಲ್ಲಿ ಚೌಕಾಶಿ ಮಾಡುವುದನ್ನು ಅಪ್ಪ ಸುಮ್ಮನೆ ನಿಂತು ನೋಡಲಿ. ನೀವು ಮಧ್ಯೆ ಬಾಯಿ ಹಾಕಬೇಡಿ.

ಒಂದೇ ಸಲ ಹೋಗುವಷ್ಟು ಹಣವಿದ್ದರೆ 'ಲೌರೆಯಾ' ದಿನಕ್ಕೆ, ಅಂದರೆ ಪದವಿಯ ದಿನಕ್ಕೆ ಕಾಯ್ದಿಡುವುದೂ ಒಂದು ದಾರಿ. ಅಲ್ಲಿ ಪ್ರಬಂಧ ಮಂಡನೆಗೆ ಮನೆಯವರು ಹಿಂದಿನ ಬೆಂಚುಗಳಲ್ಲಿ ಕೂರಬಹುದು. ಮುಗಿದ ಮೇಲೆ ತಲೆಗೆ ಲಾರೆಲ್ ಎಲೆಗಳ ಕಿರೀಟ ತೊಡಿಸುತ್ತಾರೆ. ಎರಡು ಸಲ ಹೋಗುವವರಿಗೆ ಇನ್ನೊಂದು ಅನುಕೂಲವಿದೆ. 2024ರ ಏಪ್ರಿಲಿನಲ್ಲಿ ಭಾರತೀಯರಿಗಾಗಿ ಮಾಡಿದ ನಿಯಮದಂತೆ, ಹಿಂದಿನ 3 ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾ ಪಡೆದು ನಿಯಮ ಮೀರದೆ ಬಳಸಿದವರಿಗೆ 2 ವರ್ಷದ ಬಹುಪ್ರವೇಶ ವೀಸಾ ಸಿಗಬಹುದು. ಅಂದ ಹಾಗೆ, ಬೊಲೋನ್ಯಾದ 97 ಮೀಟರ್ ಎತ್ತರದ ಅಸಿನೆಲ್ಲಿ ಗೋಪುರವನ್ನು ಪದವಿಗೆ ಮುಂಚೆ ಹತ್ತಿದ ವಿದ್ಯಾರ್ಥಿಗೆ ಪದವಿಯೇ ಸಿಗುವುದಿಲ್ಲ ಎಂಬ ನಂಬಿಕೆ ಅಲ್ಲಿನ ಹುಡುಗರಲ್ಲಿದೆ. ಪಕ್ಕದ ವಾಲಿದ ಗೋಪುರ ಅಪಾಯದಲ್ಲಿದೆಯೆಂದು 2023ರ ಅಕ್ಟೋಬರಿನಲ್ಲಿ ಆ ಜಾಗಕ್ಕೇ ಬೇಲಿ ಹಾಕಿದರು. ತೆರೆದಿದ್ದರೂ ಮೊದಲ ಸಲ ಹೋದಾಗ ತಂಗಿಯನ್ನು ಕೆಳಗೇ ನಿಲ್ಲಿಸಿ ನೀವಷ್ಟೇ ಹತ್ತಿಬನ್ನಿ, ಅಮ್ಮನೇ ಅವಳನ್ನು ಹತ್ತಲು ಬಿಡುವುದಿಲ್ಲ.