ಎತ್ತಿನ ಮೇಲೆ ಬರುವ ವಂಶಾವಳಿ

ಸುಗ್ಗಿ ಮುಗಿದು ಜೋಳ, ಕಡಲೆ ಮನೆ ಸೇರಿದ ಮೇಲೆ ಗದಗ ಸೀಮೆಯ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ತಲೆಗೆ ರುಮಾಲು, ಮೈಮೇಲೆ ಉದ್ದನೆಯ ಕೋಟು, ಹೆಗಲಲ್ಲಿ ಕಂಬಳಿ, ಕೈಯಲ್ಲಿ ಗಂಟೆ. ಹಿಂದೆಲ್ಲ ಸಿಂಗರಿಸಿದ ಎತ್ತಿನ ಮೇಲೆ ಕುಳಿತೇ ಬರುತ್ತಿದ್ದರು. ಗಂಟೆಯ ಸಪ್ಪಳ ಕೇಳಿದರೆ ಓಣಿಯ ಹುಡುಗರು ಓಡಿ ಬರುತ್ತಾರೆ, ಹಿರಿಯರು ಕಟ್ಟೆಯ ಮೇಲೆ ಕಂಬಳಿ ಹಾಸುತ್ತಾರೆ. ಹೆಳವ ಕೂತ ಮೇಲೆ ಮೊದಲು ಮನೆದೇವರ ಹೆಸರು, ಆಮೇಲೆ ಬೆಡಗು, ಆಮೇಲೆ ಮೂಲ ಊರು. ಅಲ್ಲಿಂದ ಮುಂದೆ ಹೆಸರುಗಳ ಹೊಳೆ. ಮೂಲಪುರುಷ ಇಂಥವ, ಅವನ ಹೊಟ್ಟೆಯಲ್ಲಿ ಮೂವರು ಗಂಡುಮಕ್ಕಳು, ಹಿರಿಯವ ಬರಗಾಲದಾಗ ಊರು ಬಿಟ್ಟು ತುಂಗಭದ್ರೆ ದಾಟಿದ, ನಡುವಿನವಗ ಮಕ್ಕಳಿಲ್ಲ, ಕಿರಿಯವನ ಪೀಳಿಗೆನ ನೀವು. ಹೀಗೆ ಏಳೆಂಟು ತಲೆಮಾರು ದಾಟಿ, ಬಾಗಿಲಲ್ಲಿ ನಿಂತು ಕೇಳುತ್ತಿರುವ ಹುಡುಗನ ಹೆಸರಿಗೆ ಬಂದು ಹೆಳವನ ಮಾತು ನಿಲ್ಲುತ್ತದೆ.

ಇದು ಭಿಕ್ಷೆಯಲ್ಲ. ನೋಡಿದವರಿಗೆ ಹಾಗೆ ಕಾಣಬಹುದು. ಸರಕಾರದ ಹಳೆಯ ಜನಗಣತಿ ವರದಿಗಳೂ ಇವರನ್ನು ಬೇಡುವವರ ಸಾಲಿಗೇ ಸೇರಿಸಿಬಿಟ್ಟವು. ಆದರೆ ಹೆಳವನಿಗೂ ಆ ಮನೆಗೂ ಇರುವುದು ಒಕ್ಕಲಿನ ಸಂಬಂಧ. ಇಂಥ ಊರಿನ ಇಂಥ ಮನೆತನಗಳು ಇಂಥ ಹೆಳವನ ಒಕ್ಕಲು ಎಂದು ಗೊತ್ತಾಗಿರುತ್ತದೆ. ಇನ್ನೊಬ್ಬ ಹೆಳವ ಆ ಹೊಸ್ತಿಲು ತುಳಿಯುವಂತಿಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಹಂಚಿಕೊಂಡಂತೆ ಊರುಗಳನ್ನು ಹಂಚಿಕೊಳ್ಳುತ್ತಾರೆ. ವಂಶಗಳನ್ನು ಬರೆದಿಟ್ಟ ಹೊತ್ತಿಗೆಯೂ ಊರಿನ ಜೊತೆಗೇ ಹೋಗುತ್ತದೆ. ಪ್ರತಿ ವರ್ಷವೂ ಬರಬೇಕೆಂದಿಲ್ಲ, ಕೆಲವು ವರ್ಷಗಳಿಗೊಮ್ಮೆ ಬಂದರೂ ಸಾಕು. ಬಂದಾಗ ಹಳೆಯದನ್ನು ಹೇಳಿ, ನಡುವೆ ಹುಟ್ಟಿದವರನ್ನು ಸೇರಿಸಿ, ಸತ್ತವರನ್ನು ಗುರುತು ಮಾಡಿ, ದತ್ತು ಬಂದವರಿದ್ದರೆ ಎಲ್ಲಿಂದ ಬಂದರೆಂದು ಬರೆದುಕೊಂಡು ಹೋಗುತ್ತಾನೆ. ಇದಕ್ಕೆ ಒಕ್ಕಲು ಕೊಡುವುದು ಕಾಳು, ಬಟ್ಟೆ, ರೊಕ್ಕ. ಅನುಕೂಲವಿದ್ದ ಮನೆಯವರು ಹೋರಿ, ಆಕಳನ್ನೂ ಕೊಡುತ್ತಾರೆ. ಗಂಡುಮಗು ಹುಟ್ಟಿದ ವರ್ಷ ಹೆಳವನ ದನಿ ತುಸು ಏರುವುದು, ಮನೆಯ ಯಜಮಾನನ ಕೈ ತುಸು ಸಡಿಲಾಗುವುದು ಎರಡೂ ಸಹಜ.

ಹೆಳವನಿಗೆ ಕಾಲಿಲ್ಲದವನ ವೇಷ, ಸವಾರಿಗೆ ಎತ್ತು ಏಕೆ ಎಂಬುದಕ್ಕೆ ಒಂದು ಕಥೆಯಿದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಅದು ದಾಖಲಾಗಿದೆ. ಕುರುಬರ ದೊಡ್ಡದೊಂದು ಕೂಡುಕುಟುಂಬದ ಮೇಲೆ ವೈರಿಗಳು ಬಿದ್ದು ಗಂಡಸರನ್ನೆಲ್ಲ ಕೊಂದರು. ಉಳಿದವನು ಒಬ್ಬನೇ, ಕುಂಟ. ಸತ್ತವರು ಅವನ ಕನಸಿನಲ್ಲಿ ಬಂದು ತಮ್ಮ ಅಸ್ಥಿಯನ್ನು ಕಾಶಿಗೆ ಒಯ್ಯಲು ಕೇಳಿಕೊಂಡರು. ನಡೆಯಲಾರದವನು ಹೇಗೆ ಹೋದಾನು? ಎತ್ತು ಅವನನ್ನು ಹೊತ್ತಿತು. ಕಥೆಯ ಚಾರಿತ್ರಿಕತೆ ಹಾಗಿರಲಿ, ಅದರ ತರ್ಕ ಗಟ್ಟಿಯಾಗಿದೆ. ಯುದ್ಧಕ್ಕೂ ಒಕ್ಕಲುತನಕ್ಕೂ ಒದಗದವನು ಉಳಿದದ್ದರಿಂದಲೇ ಸತ್ತವರ ಹೆಸರು ಹೇಳುವವನೊಬ್ಬ ಉಳಿದ. ನಮ್ಮ ಜನ ವಂಶಚರಿತ್ರೆಯ ಕೆಲಸವನ್ನು ವಿಜಯಿಗೆ ಕೊಡದೆ ಬದುಕುಳಿದವನಿಗೆ ಕೊಟ್ಟರು.

ಹೆಳವನ ಮಾತು ಬೇಕಾಗುತ್ತಿದ್ದುದು ಬರೀ ಅಭಿಮಾನಕ್ಕಲ್ಲ. ಹೆಣ್ಣು ಕೇಳುವಾಗ ಎರಡೂ ಮನೆಗಳ ಬೆಡಗು ಒಂದೇ ಆಗಿದ್ದರೆ ಅಣ್ಣತಂಗಿಯಾದಂತೆ, ಮದುವೆ ಕೂಡದು. ಹೊಲದ ಪಾಲಿನಲ್ಲಿ ತಕರಾರು ಬಂದಾಗ ಯಾರು ಯಾರ ಮಗ, ಯಾರು ದತ್ತು ಹೋಗಿ ಈ ಮನೆಯ ಪಾಲು ಬಿಟ್ಟ ಎಂಬುದು ಗೊತ್ತಾಗಬೇಕು. ಊರಲ್ಲಿ ಅದನ್ನು ಹೇಳುವ ಮುದುಕರು ಕಣ್ಣುಮುಚ್ಚಿದ್ದರೆ ಹೆಳವನೇ ಗತಿ. ಕೋರ್ಟು ಕೂಡ ಇಂಥ ಮಾತನ್ನು ಪೂರ್ತಿ ಹೊರಗಿಟ್ಟಿಲ್ಲ. ತೀರಿಹೋದವರು ಬದುಕಿದ್ದಾಗ ಸಂಬಂಧದ ಬಗ್ಗೆ ಹೇಳಿದ ಮಾತು, ವಾದ ಹುಟ್ಟುವ ಮೊದಲೇ ಬರೆದಿಟ್ಟ ಮನೆತನದ ವಂಶಾವಳಿ ಇವನ್ನು ಪುರಾವೆಯಾಗಿ ಪರಿಗಣಿಸಲು 1872ರ ಭಾರತೀಯ ಸಾಕ್ಷ್ಯ ಕಾಯ್ದೆ ಅವಕಾಶ ಇಟ್ಟಿತ್ತು.

ದೊಡ್ಡ ಮನೆತನಗಳ ಮಾತು ಬೇರೆ. ದೇಸಾಯಿ, ದೇಶಪಾಂಡೆ, ನಾಡಗೌಡರ ವಾಡೆಗಳಲ್ಲಿ ಸನದು, ಕೈಫಿಯತ್ತು, ವಂಶಾವಳಿಯ ಸುರುಳಿಗಳು ಗಂಟು ಕಟ್ಟಿಕೊಂಡು ಕೂತಿದ್ದವು. ವತನ ಇದ್ದವರಿಗೆ ವಂಶವೇ ಆಸ್ತಿಪತ್ರ. ಇಂಗ್ಲಿಷರು ಬಂದ ಮೇಲೆ ಆ ಕಾಗದಕ್ಕೆ ಬಂದ ಬೆಲೆ, ಅದರ ಜೊತೆಗೆ ಬಂದ ಭಯ, ಎರಡೂ ಹೆಚ್ಚಿದವು. 1852ರ ಕಾಯ್ದೆಯಿಂದ ಬಲ ಪಡೆದ ಇನಾಂ ಕಮಿಷನ್ ದಕ್ಷಿಣ ಮರಾಠಾ ಸೀಮೆಯ ಇನಾಂದಾರರನ್ನು ಒಬ್ಬೊಬ್ಬರನ್ನಾಗಿ ಕರೆದು, ನಿಮ್ಮ ಹಕ್ಕು ಯಾರಿಂದ ಯಾರಿಗೆ ಬಂತು, ತೋರಿಸಿ ಎಂದಿತು. ಸರಪಳಿಯ ಒಂದು ಕೊಂಡಿ ಕಳಚಿದ್ದರೂ ಭೂಮಿ ಹೋಯಿತು. ಸ್ವಂತ ಮಗನಿಲ್ಲದವರ ಪಾಡಂತೂ ಕೇಳುವುದೇ ಬೇಡ. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರು ದತ್ತು ತೆಗೆದುಕೊಳ್ಳಲು ಕೇಳಿದ ಅನುಮತಿಯನ್ನು ಸರಕಾರ ನಿರಾಕರಿಸಿತು. ಮುಂದಿನದು ಗೊತ್ತಿರುವ ಚರಿತ್ರೆ. 1858ರ ಮೇ ಕೊನೆಯಲ್ಲಿ ನರಗುಂದ ಎದ್ದಿತು, ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಸುರೇಬಾನದಲ್ಲಿ ಹತನಾದ. ಅದೇ ದಿನಗಳಲ್ಲಿ ಮುಂಡರಗಿಯ ಭೀಮರಾಯ ಮತ್ತು ಹಮ್ಮಿಗಿಯ ಕೆಂಚನಗೌಡ ಬಂಡೆದ್ದು, ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಮಡಿದರು. ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆ ಬಂಡಾಯಕ್ಕೆ ಕಾರಣ ಹಲವು, ನಿಶ್ಶಸ್ತ್ರೀಕರಣದ ಕಾಯ್ದೆಯೂ ಅದರಲ್ಲೊಂದು. ಆದರೆ ನರಗುಂದದ ಮಟ್ಟಿಗೆ ಬೆಂಕಿಯ ಮೂಲದಲ್ಲಿದ್ದದ್ದು ವಂಶವೃಕ್ಷದ ಒಂದು ಖಾಲಿ ಜಾಗ.

ಈ ಸೀಮೆಯ ಇನ್ನೊಂದು ತೊಡಕನ್ನು ಹೇಳಬೇಕು. ಇಂದು ಗದಗ ಜಿಲ್ಲೆ ಎಂದು 1997ರಿಂದ ಕರೆಯುವ ಈ ನೆಲ ಸ್ವಾತಂತ್ರ್ಯಕ್ಕೆ ಮೊದಲು ಚೂರುಚೂರಾಗಿತ್ತು. ಗದಗ, ಬೆಟಗೇರಿ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಪೂರ್ವಕ್ಕೆ ನಾಲ್ಕು ಹರದಾರಿ ನಡೆದರೆ ನಿಜಾಮನ ಸೀಮೆ. ಒಂದೇ ಮನೆತನದ ನಾಲ್ಕು ಕವಲುಗಳ ಕಾಗದಗಳು ನಾಲ್ಕು ಸರಕಾರಗಳ ದಫ್ತರಗಳಲ್ಲಿ, ಮೋಡಿಯಲ್ಲೋ ಉರ್ದುವಿನಲ್ಲೋ ಇಂಗ್ಲಿಷಿನಲ್ಲೋ ಬಿದ್ದಿರಬಹುದು. ಹೆಳವನ ಎತ್ತಿಗೆ ಈ ಗಡಿಗಳು ಕಾಣಲಿಲ್ಲ. ಶಿರಹಟ್ಟಿಯಲ್ಲಿ ಹೇಳಿದ್ದನ್ನು ಅವನು ಮುಂಡರಗಿಯ ಕವಲಿಗೂ ಹೇಳಿದ, ಅಲ್ಲಿ ಹುಟ್ಟಿದವರ ಸುದ್ದಿಯನ್ನು ಇಲ್ಲಿಗೆ ತಂದ. ಯಾವ ಸಂಸ್ಥಾನದ ಕಚೇರಿಯೂ ಮಾಡದ ಕೆಲಸ ಅದು.

ವಂಶ ಹೇಳುವ ಹಂಬಲ ಈ ನೆಲಕ್ಕೆ ಹೊಸದಲ್ಲ. ಗದಗದಿಂದ ಹನ್ನೆರಡು ಕಿಲೋಮೀಟರಿನಷ್ಟು ದೂರದ ಲಕ್ಕುಂಡಿಯ ಬ್ರಹ್ಮಜಿನಾಲಯಕ್ಕೆ ಹೋದವರು 1007ರ ಶಾಸನವನ್ನು ನೋಡಿರುತ್ತಾರೆ. ಅದು ದಾನಚಿಂತಾಮಣಿ ಅತ್ತಿಮಬ್ಬೆಯದು. ಅವಳ ಮನೆತನದ ಕಥೆ ರನ್ನನ ಅಜಿತಪುರಾಣದಲ್ಲೂ ಇದೆ, 993ರಲ್ಲಿ ಅವಳ ಆಶ್ರಯದಲ್ಲೇ ಮುಗಿದ ಕಾವ್ಯ ಅದು. ವೆಂಗಿಮಂಡಲದ ಪುಂಗನೂರಿನ ನಾಗಮಯ್ಯ, ಅವನ ಮಕ್ಕಳು ಮಲ್ಲಪ ಮತ್ತು ಪೊನ್ನಮಯ್ಯ, ಮಲ್ಲಪನ ಹೆಣ್ಣುಮಕ್ಕಳು ಅತ್ತಿಮಬ್ಬೆ ಮತ್ತು ಗುಂಡಮಬ್ಬೆ, ಇಬ್ಬರನ್ನೂ ಕೈಹಿಡಿದವನು ದಲ್ಲಪನ ಮಗ ನಾಗದೇವ, ಅತ್ತಿಮಬ್ಬೆಯ ಮಗ ಅಣ್ಣಿಗದೇವ. ಮಲ್ಲಪ, ಪೊನ್ನಮಯ್ಯರು ಪೊನ್ನನಿಂದ ಶಾಂತಿಪುರಾಣ ಬರೆಸಿದರು. ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಅತ್ತಿಮಬ್ಬೆ. ಸಾವಿರ ವರ್ಷದ ಹಿಂದಿನ ಒಂದು ಕುಟುಂಬದ ನಾಲ್ಕು ತಲೆಮಾರನ್ನು ಇಷ್ಟು ಸ್ಪಷ್ಟವಾಗಿ ಹೇಳಲು ಬರುವುದೇ ಅಪರೂಪ, ಅದರ ನಡುವಿನಲ್ಲಿ ಒಬ್ಬ ಹೆಣ್ಣುಮಗಳು ನಿಂತಿರುವುದು ಇನ್ನೂ ಅಪರೂಪ.

ಪಂಪನದೂ ಹಾಗೇ. ಲಕ್ಷ್ಮೇಶ್ವರವೆಂಬ ಪುಲಿಗೆರೆಯ ತಿರುಳ್ಗನ್ನಡವನ್ನು ಮೆಚ್ಚಿ ಬರೆದ ಕವಿ ತನ್ನ ಭಾರತದಲ್ಲಿ ತಂದೆಯ ಕಡೆಯ ಪೂರ್ವಜರನ್ನು ಸಾಲಾಗಿ ಹೇಳಿಕೊಂಡ. ತಾಯಿ ಅಬ್ಬಣಬ್ಬೆ, ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂಬುದು ತಿಳಿದದ್ದು ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಕೊರೆಸಿದ ಶಾಸನದಿಂದ. ಆ ಬಂಡೆ ಸಿಗದಿದ್ದರೆ ಆದಿಕವಿಯ ತಾಯಿಯ ತವರು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಹೆಳವರ ಹೊತ್ತಿಗೆಯ ದೊಡ್ಡ ಕೊರತೆ ಇದೇ. ಅಲ್ಲಿ ಹರಿಯುವುದು ಹೆಚ್ಚಾಗಿ ಗಂಡುಸಂತಾನದ ಸಾಲು. ಮನೆಗೆ ಬಂದ ಸೊಸೆ, ಮನೆಯಿಂದ ಹೋದ ಮಗಳು ಅಂಚಿನಲ್ಲಿ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಹೆಳವನೊಬ್ಬನನ್ನೇ ದೂರಿ ಫಲವಿಲ್ಲ. ಒಕ್ಕಲು ಹೇಳಿದ್ದನ್ನು ಅವನು ಬರೆದುಕೊಂಡ.

ಹೊರಗಿನ ಲೋಕದಲ್ಲೂ ಇಂಥವರಿದ್ದರು. ರಾಜಸ್ಥಾನದ ಭಾಟರು ತಮ್ಮ ಒಕ್ಕಲುಗಳ, ಹರಿದ್ವಾರದ ಪಂಡರು ಯಾತ್ರಿಕರ ವಂಶವನ್ನು ಬಹಿಗಳಲ್ಲಿ ಬರೆದಿಟ್ಟರು. ಇಂಗ್ಲೆಂಡಿನಲ್ಲಿ ಆ ಕೆಲಸಕ್ಕೆ ರಾಜಮುದ್ರೆಯೇ ಇತ್ತು. 1484ರಲ್ಲಿ ಮೂರನೆಯ ರಿಚರ್ಡ್ ಅರಸ ಹೆರಾಲ್ಡರ ಸಂಘಕ್ಕೆ ಸನದು ಕೊಟ್ಟ. 1530ರಿಂದ ಸುಮಾರು ನೂರೈವತ್ತು ವರ್ಷ ಈ ಹೆರಾಲ್ಡರು ಕೌಂಟಿಯಿಂದ ಕೌಂಟಿಗೆ ಸುತ್ತಿ, ಹಳ್ಳಿಯ ಜಮೀನ್ದಾರ ಮನೆತನಗಳನ್ನು ಕರೆಸಿ, ಲಾಂಛನ ಧರಿಸುವ ಹಕ್ಕು ನಿಮಗೆ ಹೇಗೆ ಬಂತೆಂದು ಕೇಳಿ ವಂಶಾವಳಿ ಬರೆದುಕೊಂಡರು. ಹಕ್ಕು ಸಾಬೀತಾಗದವರು ತಾವು ಕುಲೀನರಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಮುಂದೆ 1830ರ ದಶಕದಲ್ಲಿ ಜಾನ್ ಬರ್ಕ್ ಬಿರುದಿಲ್ಲದ ಜಮೀನ್ದಾರರ ವಂಶಗಳನ್ನು ಅಚ್ಚು ಹಾಕಿಸಿದ. ಅವುಗಳಲ್ಲಿ ಎಷ್ಟು ಕಟ್ಟುಕಥೆ ತುಂಬಿದೆಯೆಂದು 1877ರಲ್ಲಿ ಇತಿಹಾಸಕಾರ ಎಡ್ವರ್ಡ್ ಫ್ರೀಮನ್ ಝಾಡಿಸಿ ಬರೆದ. ದುಡ್ಡು ಕೊಡುವವನ ಅಜ್ಜನನ್ನು ಶೂರನನ್ನಾಗಿ ಮಾಡುವ ಆಸೆಗೆ ದೇಶಭಾಷೆಗಳ ಹಂಗಿಲ್ಲ.

ಹೋಲಿಸಿದರೆ ಹೆಳವನೇ ಮೇಲು ಎನ್ನುವುದು ನನ್ನ ಎಣಿಕೆ. ಹೆರಾಲ್ಡ್ ಹೋದದ್ದು ಕುಲೀನರ ಮನೆಗೆ, ಇನಾಂ ಕಮಿಷನ್ ಕರೆದದ್ದು ಇನಾಂದಾರನನ್ನು, ಶಾಸನ ಕೊರೆಸಿದ್ದು ದಂಡನಾಯಕರ ಮನೆ. ಹೆಳವ ನಾಲ್ಕು ಎಕರೆ ಎರೆಹೊಲದ ರೈತನ ಮುಂದೆಯೂ ಅದೇ ಗಂಟೆ ಬಾರಿಸಿ ಅವನ ಮುತ್ತಜ್ಜನ ಹೆಸರು ಹೇಳಿದ. ಹಾಗೆಂದು ಅವನು ಹೇಳಿದ್ದೆಲ್ಲ ಸತ್ಯವಲ್ಲ. ಹತ್ತಿರದ ನಾಲ್ಕೈದು ತಲೆಮಾರು ಗಟ್ಟಿ. ಅದಕ್ಕಿಂತ ಹಿಂದಕ್ಕೆ ಹೋದಂತೆ ಹೆಸರುಗಳು ಕೂಡಿಕೊಳ್ಳುತ್ತವೆ, ನಡುವಿನ ಒಬ್ಬಿಬ್ಬರು ಮಾಯವಾಗುತ್ತಾರೆ, ಮೂಲಪುರುಷ ದೇವರ ಕೃಪೆಯಿಂದಲೋ ಅರಸನ ಮೆಚ್ಚುಗೆಯಿಂದಲೋ ಹುಟ್ಟುತ್ತಾನೆ. ಆದರೆ ಒಂದು ಮನೆತನ ಯಾವ ಊರು ಬಿಟ್ಟು ಯಾವ ಊರಿಗೆ ಬಂತು, ಯಾವ ದೇವರನ್ನು ಜೊತೆಗೆ ತಂತು ಎಂಬ ವಿವರ ಬೇರೆಲ್ಲೂ ಸಿಗುವುದಿಲ್ಲ. ಬರ, ಪ್ಲೇಗು, ದಂಡು ಬಂದಾಗ ಈ ಬಯಲುಸೀಮೆಯ ಜನ ಹೇಗೆ ಚದುರಿದರೆಂದು ಬರೆಯಹೊರಟವರಿಗೆ ಅದು ಹೊನ್ನು.

ಈಗ ವತನಗಳಿಲ್ಲ. ಮುಂಬೈ ಸರಕಾರದ 1950ರ ಕಾಯ್ದೆ ಪರಗಣೆ, ಕುಲಕರ್ಣಿ ವತನಗಳನ್ನು ತೆಗೆದುಹಾಕಿತು, ಮೈಸೂರು ಸರಕಾರದ 1961ರ ಕಾಯ್ದೆ ಉಳಿದ ಗ್ರಾಮಾಧಿಕಾರಗಳನ್ನು ಮುಗಿಸಿತು. ಪೌತಿ ಖಾತೆಗೆ ವಂಶವೃಕ್ಷ ಬೇಕಾದರೆ ನಾಡಕಚೇರಿಗೆ ಅರ್ಜಿ ಹಾಕಿ, ಅಫಿಡವಿಟ್ ಕೊಟ್ಟರೆ ಕಾಗದ ಕೈಗೆ ಬರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಅದರಲ್ಲಿ ಹೆಣ್ಣುಮಕ್ಕಳನ್ನು ಬಿಡುವಂತಿಲ್ಲ, ಅಷ್ಟರ ಮಟ್ಟಿಗೆ ಸರಕಾರಿ ಕಾಗದ ಹೆಳವನ ಹೊತ್ತಿಗೆಗಿಂತ ನ್ಯಾಯವಂತ. ಹೆಳವರಲ್ಲೂ ಎತ್ತು ಬಿಟ್ಟು ಗಾಡಿ, ಮೋಟರಿನಲ್ಲಿ ಬರುವವರಿದ್ದಾರೆ, ಮಕ್ಕಳನ್ನು ಶಾಲೆ ಕಲಿಸಿ ಈ ಕಸುಬೇ ಸಾಕು ಎನ್ನುವವರಿದ್ದಾರೆ. ಹಾಗೆ ಎನ್ನುವ ಹಕ್ಕು ಅವರಿಗಿದೆ. ವರ್ಷದ ಅರ್ಧವನ್ನು ಊರೂರಿನ ಬಯಲಲ್ಲಿ ಗುಡಾರ ಹಾಕಿ ಕಳೆಯಿರಿ, ನಮ್ಮ ಅಜ್ಜಂದಿರನ್ನು ಕಾಯಿರಿ ಎಂದು ಪಟ್ಟಣದಲ್ಲಿ ಕೂತವರು ಹೇಳುವುದು ಸರಿಯಲ್ಲ. ಉಳಿಯಬೇಕಾದದ್ದು ಹೊತ್ತಿಗೆ. ಹರಿದ್ವಾರದ ಬಹಿಗಳನ್ನು ಅಮೆರಿಕದ ಯೂಟಾದ ಸಂಸ್ಥೆಯೊಂದು ದಶಕಗಳ ಹಿಂದೆಯೇ ಮೈಕ್ರೊಫಿಲ್ಮ್ ಮಾಡಿಸಿತು. ಹೆಳವರ ಹೊತ್ತಿಗೆಗಳನ್ನೂ, ಅವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು, ಸ್ಕ್ಯಾನ್ ಮಾಡಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಊರೂರಿನ ಮಟ್ಟದಲ್ಲಿ ಕೈಗೆತ್ತಿಕೊಳ್ಳಬೇಕು.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದೂ ಇದೆ. ಮುಂದಿನ ಸುಗ್ಗಿಗೆ ನಿಮ್ಮ ಊರಿನ ಮನೆಗೆ ಹೆಳವ ಬಂದರೆ ಹತ್ತು ರೂಪಾಯಿ ಕೊಟ್ಟು ಸಾಗಹಾಕಬೇಡಿ. ಕೂಡಿಸಿ, ಚಹಾ ಕೊಡಿ, ಪೂರ್ತಿ ಹೇಳಿಸಿ, ಅವನು ಒಪ್ಪಿದರೆ ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ, ಅವನ ದುಡಿಮೆಗೆ ತಕ್ಕದ್ದು ಕೊಡಿ. ಹೊಸ ಹೆಸರುಗಳನ್ನು ಬರೆಸುವಾಗ ಹೆಣ್ಣುಮಕ್ಕಳ, ಸೊಸೆಯಂದಿರ ಹೆಸರನ್ನೂ, ಅವರ ತವರೂರನ್ನೂ ಸೇರಿಸಿ ಬರೆಸಿ.